ಡಬ್ಬದ ಮೇಲಿನ ತೂಕ, ಕೆಸರಿನ ತೂಕ: ಮಲೆನಾಡಿನ ತೋಟದ ಜೀಪಿಗೊಂದು ವಿಂಚ್

ಸಕಲೇಶಪುರದಿಂದ ಹೆತ್ತೂರಿನ ಕಡೆ ಒಂದು ಕಾಫಿ ತೋಟ. ಗಾಡಿ 2016ರ ಮಹೀಂದ್ರ ಥಾರ್ ಸಿಆರ್‌ಡಿಇ. ತೋಟದಲ್ಲಿ ಎಲ್ಲರ ಬಾಯಲ್ಲೂ ಅದು ಜೀಪು. ಕಣದಿಂದ ಇಳಿದು, ಹಳ್ಳ ದಾಟಿ, ಮೇಲಿನ ಬ್ಲಾಕಿಗೆ ಏರುವ ದಾರಿ ಒಂದೂಕಾಲು ಕಿಲೋಮೀಟರ್ ಉದ್ದ. ತೊಂದರೆ ಕೊಡುವುದು ಅದರಲ್ಲಿ ಎಪ್ಪತ್ತಡಿ ಮಾತ್ರ. ಜುಲೈ ಹೊತ್ತಿಗೆ ಆ ಎಪ್ಪತ್ತಡಿಯ ನಡುವೆಯೇ ಜಲ ಒಡೆಯುತ್ತದೆ. ಮೇಲೆ ಒಂದು ಗೇಣು ಕೆಸರು, ಕೆಳಗೆ ಬಸಿಯದ ಕೆಂಪು ಜೇಡಿ. ಹದಿನೈದು ಡಿಗ್ರಿ ಏರು ಬೇರೆ. ಚೈನು ಕಟ್ಟಿದ ಟಯರು ಕೂಡ ಅಲ್ಲಿ ತಾನೇ ಗುಂಡಿ ತೋಡಿಕೊಂಡು ಕೂರುತ್ತದೆ.

ಹಾಗಾಗಿ ಮೇ ತಿಂಗಳಲ್ಲಿ ಪೇಟೆಯ ಒಂದು ಅಂಗಡಿಯಲ್ಲಿ 9,500 ಪೌಂಡಿನ ಎಲೆಕ್ಟ್ರಿಕ್ ವಿಂಚ್ ಕೂರಿಸಿದರು. ಗಾಡಿಯ ಮೂತಿಯಲ್ಲಿ ಕೂತು, ಮರಕ್ಕೆ ಕಟ್ಟಿದ ಹಗ್ಗವನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತಾ ಹೂತ ಗಾಡಿಯನ್ನು ಹೊರಗೆಳೆಯುವ ಮೋಟರ್ ಯಂತ್ರ ಅದು. ಕೆಜಿಯಲ್ಲಿ ಹೇಳುವುದಾದರೆ 4,300. ಗಾಡಿಯನ್ನು ಎರಡು ಸಲ ಎತ್ತುವಷ್ಟು ಶಕ್ತಿ ಇದೆ ಎಂಬ ಧೈರ್ಯದಲ್ಲಿ ಮಳೆಗಾಲಕ್ಕೆ ಇಳಿದರು. ಜುಲೈ ಎರಡನೇ ವಾರ ಜೀಪು ಹೂತಾಗ ಅದೇ ವಿಂಚ್ ಅರ್ಧದಲ್ಲಿ ನಿಂತುಹೋಯಿತು. ನಿಂತದ್ದಷ್ಟೇ ಅಲ್ಲ, ರಿಮೋಟಿನ ಗುಂಡಿಯಿಂದ ಬೆರಳು ತೆಗೆದರೂ ಎಳೆಯುವುದನ್ನು ಬಿಡಲಿಲ್ಲ. ಮೋಟರಿನಿಂದ ಹೊಗೆ ಏಳತೊಡಗಿದಾಗ ಡ್ರೈವರ್ ಬಾನೆಟ್ ಎತ್ತಿ, ಹತ್ತನೇ ನಂಬರ್ ಸ್ಪ್ಯಾನರ್ ಹಾಕಿ ಬ್ಯಾಟರಿಯ ಕ್ಲ್ಯಾಂಪನ್ನೇ ಕಿತ್ತ ಮೇಲೆ ಸುಮ್ಮನಾಯಿತು. ಯಾರಿಗೂ ಏನೂ ಆಗಲಿಲ್ಲ. ಬಂಪರಿನ ಹಾಳೆ ಮಾತ್ರ ಮುಂದಕ್ಕೆ ಬಾಗಿತ್ತು.

ಅಂಗಡಿಯ ಉತ್ತರ ನಿರೀಕ್ಷಿಸಿದ್ದೇ: “ಆಗ್ಲೇ ಹೇಳಿದ್ನಲ್ಲಾ ಸರ್, ಹನ್ನೆರಡು ಸಾವಿರ ಪೌಂಡಿಂದೇ ಹಾಕ್ಸಿ ಅಂತ.”

ಹಾಗಾದರೆ ದೊಡ್ಡ ವಿಂಚ್ ಬೇಕಿತ್ತೇ? ಬೇಡವಾಗಿತ್ತು. ಆದರೆ ಅಂಗಡಿಯವರ ಮಾತು ಪೂರ್ತಿ ಸುಳ್ಳೂ ಅಲ್ಲ. ಲೆಕ್ಕ ಬಿಡಿಸಿ ನೋಡಬೇಕು.

ಎಳೆಯಬೇಕಾದ ತೂಕ ಎಷ್ಟಿತ್ತು

ಮೊದಲು ಗಾಡಿಯನ್ನು ವೇ ಬ್ರಿಜ್ ಮೇಲೆ ಹತ್ತಿಸಬೇಕು. ಪುಸ್ತಕದಲ್ಲಿರುವ ಖಾಲಿ ಗಾಡಿಯ ತೂಕ ಇಲ್ಲಿ ಕೆಲಸಕ್ಕೆ ಬಾರದು. ಮೂರು ಜನ, ನಾಲ್ಕು ಮೂಟೆ ಗೊಬ್ಬರ, ಅರ್ಧ ತುಂಬಿದ ಔಷಧಿ ಡ್ರಮ್, ಸ್ಟೆಪ್ನಿ, ಹಾರೆ, ಗುದ್ದಲಿ ಎಲ್ಲ ಇಟ್ಟುಕೊಂಡು ತೂಗಿಸಿದಾಗ ಈ ಜೀಪು 2,300 ಕೆಜಿ ಬಂತು. ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ಇರಲಿ ಎನ್ನುವುದು ಎಲ್ಲ ಕಡೆ ಹೇಳುವ ಮಾತು. ಆ ಪ್ರಕಾರ 3,450 ಕೆಜಿ ಸಾಕು. 4,300 ಇದ್ದರೆ ಧಾರಾಳ.

ಆದರೆ ಆ ಒಂದೂವರೆ ಪಟ್ಟಿನ ಲೆಕ್ಕ ಗಾಡಿ ಎಷ್ಟು ಆಳಕ್ಕೆ ಕೂತಿದೆ ಎಂದು ಕೇಳುವುದೇ ಇಲ್ಲ. ಸೈನ್ಯದ ರಿಕವರಿ ಕೈಪಿಡಿಗಳಲ್ಲಿ ಬಹಳ ಕಾಲದಿಂದ ಬಂದ ಒಂದು ಒರಟು ಲೆಕ್ಕವಿದೆ, ತೋಟಕ್ಕೆ ಅದೇ ಸರಿ. ಕೆಸರು ಚಕ್ರದ ಆಳಕ್ಕಿದ್ದರೆ ಎಳೆಯಲು ಗಾಡಿಯ ತೂಕದಷ್ಟೇ ಬಲ ಬೇಕು. ಮಡ್‌ಗಾರ್ಡ್ ಮುಟ್ಟುವಷ್ಟು ಇಳಿದಿದ್ದರೆ ಎರಡರಷ್ಟು. ಕ್ಯಾಬಿನ್‌ವರೆಗೆ ಹೂತಿದ್ದರೆ ಮೂರರಷ್ಟು. ಇಳಿಜಾರಿಗೆ ಪ್ರತಿ ಡಿಗ್ರಿಗೆ ತೂಕದ ಅರವತ್ತನೇ ಒಂದು ಭಾಗ ಸೇರಿಸಬೇಕು. ಇಲ್ಲಿ ಹದಿನೈದು ಡಿಗ್ರಿ, ಅಂದರೆ 2,300ರ ಕಾಲುಭಾಗ, 575 ಕೆಜಿ.

ಚಕ್ರದ ಆಳವಾದರೆ 2,300ಕ್ಕೆ 575 ಸೇರಿ 2,875. ಮಡ್‌ಗಾರ್ಡ್ ಆಳವಾದರೆ 4,600ಕ್ಕೆ 575 ಸೇರಿ 5,175. ಆ ದಿನ ಜೀಪಿನ ಎಡಭಾಗ ಮಡ್‌ಗಾರ್ಡ್‌ವರೆಗೆ ಇಳಿದಿತ್ತು, ಬಲಭಾಗ ಚಕ್ರದ ಆಳದಲ್ಲಿತ್ತು. ನಿಜವಾದ ಅಂಕಿ ಈ ಎರಡರ ನಡುವೆ ಎಲ್ಲೋ ಇದೆ. ನಾಲ್ಕು ಸಾವಿರ ಎಂದಿಟ್ಟುಕೊಂಡರೆ ಹೆಚ್ಚು ತಪ್ಪಾಗದು.

ನಾಲ್ಕು ಸಾವಿರವಾದರೂ 4,300ರ ವಿಂಚ್ ಎಳೆಯಬೇಕಿತ್ತಲ್ಲ?

ಡ್ರಮ್ಮಿನ ಸುತ್ತುಗಳು

ಡಬ್ಬದ ಮೇಲೆ ಅಚ್ಚು ಹಾಕಿದ ಅಂಕಿ ಡ್ರಮ್ಮಿನ ಮೇಲೆ ಒಂದೇ ಸಾಲು ಹಗ್ಗ ಉಳಿದಾಗ ಸಿಗುವ ಬಲ. ಮೋಟರು ಕೊಡುವ ತಿರುಚುಬಲ ಅಷ್ಟೇ ಇರುತ್ತದೆ. ಹಗ್ಗದ ಮೇಲೆ ಹಗ್ಗ ಕೂತಂತೆ ಡ್ರಮ್ಮು ದಪ್ಪವಾಗುತ್ತದೆ, ಎಳೆತ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಹಿಡಿಕೆ ತಿರುಗಿಸಿ ಹಗ್ಗ ಸುತ್ತುವ ಬಾವಿಯ ಉರುಳೆ ದಪ್ಪವಾದಷ್ಟೂ ಕೊಡ ಮೇಲೆತ್ತುವುದು ಕಷ್ಟ, ಇದೂ ಹಾಗೆಯೇ.

ಈ ವಿಂಚಿನ ಡ್ರಮ್ 64 ಮಿ.ಮೀ. ವ್ಯಾಸದ್ದು, ಹಗ್ಗ 8 ಮಿ.ಮೀ. ಉಕ್ಕಿನದು, 28 ಮೀಟರ್. ಮೊದಲ ಸಾಲಿನಲ್ಲಿ 4,300 ಕೆಜಿ. ಎರಡನೆಯದರಲ್ಲಿ ಸುಮಾರು 3,600. ಮೂರನೆಯದರಲ್ಲಿ 3,100. ನಾಲ್ಕನೆಯದರಲ್ಲಿ 2,700. ಮೊದಲ ಸಾಲಿನಲ್ಲಿ ಹಿಡಿಸುವ ಹಗ್ಗ ಆರು ಮೀಟರು ಮಾತ್ರ. ಅಂದರೆ ಡಬ್ಬದ ಮೇಲಿನ ಬಲ ನಿಜಕ್ಕೂ ಬೇಕೆಂದರೆ 28ರಲ್ಲಿ 22 ಮೀಟರ್ ಹಗ್ಗ ಹೊರಗೆ ಎಳೆದಿರಬೇಕು.

ಆ ದಿನ ಹಗ್ಗ ಕಟ್ಟಿದ್ದು ಒಂಬತ್ತು ಮೀಟರ್ ದೂರದ ಸಿಲ್ವರ್ ಓಕ್ ಮರಕ್ಕೆ. ಹತ್ತಿರದ್ದು, ಮಳೆ ಸುರಿಯುತ್ತಿತ್ತು, ಯಾರಾದರೂ ಅದನ್ನೇ ಹಿಡಿಯುತ್ತಿದ್ದರು. ಡ್ರಮ್ಮಿನ ಮೇಲೆ 19 ಮೀಟರ್ ಉಳಿದಿತ್ತು, ಅಂದರೆ ಮೂರನೇ ಸಾಲು, 3,100 ಕೆಜಿ. ಗಾಡಿ ಮುಂದೆ ಬಂದಂತೆ ಹಗ್ಗ ಒಳಸೇರಿ ನಾಲ್ಕನೇ ಸಾಲು ಶುರುವಾಗಿ 2,700. ಮರ ಹತ್ತಿರವಿದ್ದಷ್ಟೂ ವಿಂಚ್ ಬಡವಾಗುತ್ತದೆ. ನಾಲ್ಕು ಸಾವಿರದ ಕೆಲಸ ಇಲ್ಲೇ ಕೆಟ್ಟಿತು.

12,000 ಪೌಂಡಿನದನ್ನೂ ಇದೇ ತಕ್ಕಡಿಯಲ್ಲಿ ತೂಗೋಣ. ಮೊದಲ ಸಾಲು 5,440. ಅದೇ ಅಳತೆಯ ಡ್ರಮ್ಮಾದರೆ ಮೂರನೇ ಸಾಲು 3,900ರ ಆಸುಪಾಸು, ನಾಲ್ಕನೆಯದು 3,400. ಅದಕ್ಕೆ ಬರುವ ಹಗ್ಗ ಇನ್ನೂ ದಪ್ಪ, ಆದ್ದರಿಂದ ಅದಕ್ಕೂ ಕಡಿಮೆ. ಆ ದಿನ ಅದು ಇನ್ನೊಂದು ಮೀಟರ್ ಎಳೆದು ನಿಲ್ಲುತ್ತಿತ್ತೋ, ಅದೃಷ್ಟವಿದ್ದರೆ ಹೊರಗೇ ತರುತ್ತಿತ್ತೋ. ಎರಡೂ ಕಡೆ ಮಡ್‌ಗಾರ್ಡ್‌ವರೆಗೆ ಹೂತು 5,175 ಬೇಕಾದ ದಿನ ಅದೂ ಕೈಚೆಲ್ಲುತ್ತದೆ. ಯಾವ ವಿಂಚ್ ಹಾಕಿದರೂ ರಾಟೆ ಬೇಕೇ ಬೇಕು ಎಂದಾದ ಮೇಲೆ ಸಣ್ಣ ವಿಂಚಿಗೇ ರಾಟೆ ಹಾಕಿದರೆ ಆಯಿತು.

ರಾಟೆ, ಅಂದರೆ ಸ್ನ್ಯಾಚ್ ಬ್ಲಾಕ್, ಮರದಲ್ಲಿ ಕೂತು ಹಗ್ಗವನ್ನು ಗಾಡಿಗೇ ವಾಪಸ್ ಕಳಿಸುತ್ತದೆ. ಎರಡು ಎಳೆ ಎಳೆಯುತ್ತವೆ, ಬಲ ಇಮ್ಮಡಿ, ವೇಗ ಅರ್ಧ. ಘರ್ಷಣೆಗೆ ಹತ್ತು ಭಾಗದಲ್ಲಿ ಒಂದು ಭಾಗ ಕಳೆದರೂ ಈ 9,500ರ ವಿಂಚ್ ಮೊದಲ ಸಾಲಿನಲ್ಲಿ 7,700 ಕೆಜಿ ಎಳೆಯುತ್ತದೆ. ಇನ್ನೊಂದು ಲಾಭ ಯಾರೂ ಅಷ್ಟಾಗಿ ಹೇಳುವುದಿಲ್ಲ: ಹಗ್ಗ ಹೋಗಿ ಬರಬೇಕಾದ್ದರಿಂದ ಬಹುಪಾಲು ಹೊರಗೆ ಬಂದಿರುತ್ತದೆ, ಡ್ರಮ್ ತಾನಾಗಿ ಕೆಳಗಿನ ಸಾಲಿಗೆ ಇಳಿದಿರುತ್ತದೆ.

ಥಾರ್‌ಗೆ 12,000 ಬೇಡ ಎನ್ನಲು ಭಾರದ ಕಾರಣವೂ ಇದೆ. ಆ ವರ್ಗದ ವಿಂಚ್, ಉಕ್ಕಿನ ಹಗ್ಗ, ಅದು ಹಾಯುವ ರೋಲರ್, ವಿಂಚಿಗೆ ತಕ್ಕ ಬಂಪರ್ ಸೇರಿದರೆ 85 ಕೆಜಿ ಸುಲಭವಾಗಿ ದಾಟುತ್ತದೆ. ಈ ಭಾರ ಮುಂದಿನ ಆಕ್ಸಲ್‌ಗಿಂತ ಸುಮಾರು ಮುಕ್ಕಾಲು ಮೀಟರ್ ಮುಂದೆ ನೇತಾಡುತ್ತದೆ. ವೀಲ್‌ಬೇಸ್ 2.43 ಮೀಟರ್, ಆದ್ದರಿಂದ 85 ಕೆಜಿ ಮುಂದಿನ ಆಕ್ಸಲ್ ಮೇಲೆ 111 ಆಗಿ ಬೀಳುತ್ತದೆ, ಹಿಂದಿನದು 26 ಕೆಜಿ ಹಗುರಾಗುತ್ತದೆ. ಸಿಆರ್‌ಡಿಇ ಥಾರ್‌ನ ಮುಂಭಾಗ ಟಾರ್ಷನ್ ಬಾರ್ ಸಸ್ಪೆನ್ಷನ್, ಅಂದರೆ ತಿರುಚಿಕೊಳ್ಳುವ ಉಕ್ಕಿನ ಸರಳೇ ಅಲ್ಲಿ ಸ್ಪ್ರಿಂಗು. ಮೂತಿ ಇಳಿಯುತ್ತದೆ. ಬಾರ್ ಬಿಗಿ ಮಾಡಿ ಎತ್ತಿದರೆ ಎತ್ತರ ಬರುತ್ತದೆ, ಕುಲುಕಾಟವೂ ಬರುತ್ತದೆ. ಮೂತಿ ಭಾರದ ಜೀಪು ಕೆಸರಲ್ಲಿ ಮೊದಲು ಹೂಳುವುದೇ ಮೂತಿಯಿಂದ, ಅದನ್ನು ಎಳೆಯಲು ಮತ್ತೆ ವಿಂಚ್!

ಗುಂಡಿ ಬಿಟ್ಟರೂ ನಿಲ್ಲಲಿಲ್ಲವೇಕೆ

ವಿಂಚ್ ಕೊಳ್ಳುವವರು ಹೆಚ್ಚು ಕಡೆಗಣಿಸುವುದು ಕರೆಂಟಿನ ವಿಷಯವನ್ನು. ಈ ವರ್ಗದ ಮೋಟರ್ ಐದೂವರೆ ಅಶ್ವಶಕ್ತಿಯದು. ಬರೀ ಹಗ್ಗ ಸುತ್ತುವಾಗ 70 ಆಂಪಿಯರ್, ಪೂರ್ತಿ ಭಾರದಲ್ಲಿ 400 ಆಂಪಿಯರ್ ಆಚೀಚೆ. ಜೀಪಿನ ಆಲ್ಟರ್ನೇಟರ್ ಹೆಚ್ಚೆಂದರೆ ನೂರರ ಆಸುಪಾಸು ಕೊಡುತ್ತದೆ, ಉಳಿದ 300 ಬ್ಯಾಟರಿಯಿಂದಲೇ ಬರಬೇಕು. ಬ್ಯಾಟರಿ ಖಾಲಿಯಾಗುತ್ತದೆ ಎಂಬ ಹೆದರಿಕೆ ಇಲ್ಲಿ ದೊಡ್ಡದಲ್ಲ: ಒಂದು ನಿಮಿಷಕ್ಕೆ 400 ಆಂಪಿಯರ್ ಎಳೆದರೂ ಹೋಗುವುದು ಏಳು ಆಂಪಿಯರ್-ಅವರ್ ಒಳಗೆ. ಕುಸಿಯುವುದು ವೋಲ್ಟೇಜು.

ಮಾರನೆಯ ವಾರ ಕ್ಲ್ಯಾಂಪ್ ಮೀಟರ್, ಮಲ್ಟಿಮೀಟರ್ ಇಟ್ಟು, ಗಾಡಿಯನ್ನು ಹಿಂದಿನಿಂದ ಒಂದು ಮರಕ್ಕೆ ಬಿಗಿದು, ಭಾರ ಕೊಟ್ಟು ನೋಡಿದಾಗ ಬ್ಯಾಟರಿಯ ಮೇಲೆ 10.4 ವೋಲ್ಟ್, ವಿಂಚ್ ಮೋಟರಿನ ತಲೆಯಲ್ಲಿ 8.3. ಎರಡು ವೋಲ್ಟ್ ದಾರಿಯಲ್ಲೇ ಕರಗಿತ್ತು. ಎಲ್ಲಿ ಎಂದರೆ ಎರಡು ಕಡೆ. ಪಾಸಿಟಿವ್ ಕೇಬಲ್ 25 ಚ.ಮಿ.ಮೀ. ದಪ್ಪದ್ದು. ನೆಗೆಟಿವ್ ಬ್ಯಾಟರಿಗೆ ಹೋಗಿರಲೇ ಇಲ್ಲ. ಬಂಪರಿನ ಬೋಲ್ಟಿಗೆ, ಬಣ್ಣ ಬಳಿದ ಹಾಳೆಯ ಮೇಲೆ ಕೂರಿಸಿದ್ದರು. 400 ಆಂಪಿಯರ್ ಬಣ್ಣದ ಸಂದಿಯಲ್ಲಿ ನುಸುಳಿ ಚಾಸಿಗೆ ಸೇರಬೇಕಿತ್ತು.

ಮೋಟರಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೆಟ್ಟದ್ದು ಇದರಿಂದಲೇ. ವಿಂಚಿನ ಸ್ವಿಚ್ ಪೆಟ್ಟಿಗೆಯೊಳಗೆ ಒಂದು ಸುರುಳಿ 12 ವೋಲ್ಟಿನಲ್ಲಿ ತಾಮ್ರದ ಎರಡು ಮುಖಗಳನ್ನು ಒತ್ತಿ ಹಿಡಿಯುತ್ತದೆ. ವೋಲ್ಟೇಜ್ ಎಂಟಕ್ಕೆ ಬಿದ್ದರೆ ಹಿಡಿತ ಸಡಿಲ. ಮುಖಗಳು ಕಟಕಟ ಎಂದು ಬಿಟ್ಟು ಹಿಡಿಯುತ್ತವೆ, ಪ್ರತಿ ಸಲವೂ ಕಿಡಿ. ಕೊನೆಗೆ ತಾಮ್ರ ಕರಗಿ ಬೆಸೆದುಕೊಳ್ಳುತ್ತದೆ. ಆಮೇಲೆ ರಿಮೋಟ್ ಗುಂಡಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ. ತೆರೆದು ನೋಡಿದಾಗ ಒಂದು ಮುಖದಲ್ಲಿ ಹುಣಸೆಬೀಜದಷ್ಟು ಕಪ್ಪು ಗಂಟು. ಆ ಕಟಕಟ ಸದ್ದು ಕೇಳಿದ ಕ್ಷಣ ಎಳೆಯುವುದನ್ನು ನಿಲ್ಲಿಸಬೇಕು, ಅದೇ ಮೊದಲ ಎಚ್ಚರಿಕೆ.

ಮರುಜೋಡಣೆಯಲ್ಲಿ ಎರಡೂ ಕೇಬಲ್ 50 ಚ.ಮಿ.ಮೀ. ತಾಮ್ರ, ಎರಡೂ ನೇರ ಬ್ಯಾಟರಿಗೆ. ಹೋಗಿ ಬರಲು ಒಟ್ಟು ನಾಲ್ಕು ಮೀಟರ್. 400 ಆಂಪಿಯರಿಗೆ ತಂತಿಯಲ್ಲಿ ಕಳೆದುಹೋಗುವುದು 0.56 ವೋಲ್ಟ್. 35 ಚ.ಮಿ.ಮೀ. ಆಗಿದ್ದರೆ 0.8, ಅದನ್ನೂ ಒಪ್ಪಬಹುದು. ಕೇಬಲ್ ತುದಿಯ ಲಗ್‌ಗಳನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಬಾರದು, ಹೈಡ್ರಾಲಿಕ್ ಕ್ರಿಂಪರ್‌ನಲ್ಲೇ ಒತ್ತಿಸಬೇಕು. ರೇಡಿಯೇಟರ್ ಪಕ್ಕ ಹಾಯುವಲ್ಲಿ ದಪ್ಪ ರಬ್ಬರ್ ಕೊಳವೆ ತೊಡಿಸಬೇಕು. ಈ ಕೇಬಲಿಗೆ ಫ್ಯೂಸ್ ಇರುವುದಿಲ್ಲವಾದ್ದರಿಂದ ಸಿಪ್ಪೆ ಸವೆದು ಚಾಸಿಗೆ ತಾಗಿದರೆ ಬೆಂಕಿಯೇ. ಇದಕ್ಕೂ, ಬೆಸೆದುಕೊಂಡ ಕಾಂಟ್ಯಾಕ್ಟರಿಗೂ ಮದ್ದು ಒಂದೇ: ಬ್ಯಾಟರಿಯಿಂದ ವಿಂಚಿನ ಕರೆಂಟನ್ನು ಪೂರ್ತಿ ಕಡಿಯುವ, 500 ಆಂಪಿಯರ್ ತಾಳುವ ಐಸೊಲೇಟರ್ ಸ್ವಿಚ್. ಬಾನೆಟ್ ಎತ್ತದೆ ಕೈಗೆ ಸಿಗುವ ಜಾಗದಲ್ಲಿರಬೇಕು. ವಿಂಚ್ ಬಳಸದ ದಿನ ಅದು ಆಫ್.

ಬ್ಯಾಟರಿಯ ಡಬ್ಬದಲ್ಲಿ ಆಂಪಿಯರ್-ಅವರ್ ಜೊತೆಗೆ ಸಿಸಿಎ ಎಂಬ ಇನ್ನೊಂದು ಅಂಕಿ ಇರುತ್ತದೆ, ಚಳಿಯಲ್ಲೂ ಬ್ಯಾಟರಿ ಒಮ್ಮೆಲೇ ಎಷ್ಟು ಆಂಪಿಯರ್ ಕೊಡಬಲ್ಲದು ಎಂಬ ಲೆಕ್ಕ. ವಿಂಚಿಗೆ ಆ ಅಂಕಿ 650ಕ್ಕೆ ಕಡಿಮೆ ಇರಬಾರದು. ಮೂರು ವರ್ಷ ಹಳೆಯ ಬ್ಯಾಟರಿಯನ್ನು ಬದಲಿಸಿದರು. ಎರಡನೇ ಬ್ಯಾಟರಿ ಹಾಕಿಸಿ ಎಂದು ಹೇಳುವವರಿದ್ದಾರೆ. ತಿಂಗಳಿಗೆ ಎರಡು ಸಲ ಹೂಳುವ ತೋಟದ ಜೀಪಿಗೆ ಅದು ದುಡ್ಡಿನ ಪೋಲು. ಎಂಜಿನ್ ಚಾಲೂ ಇಟ್ಟು, ಆರ್‌ಪಿಎಂ 1,500ಕ್ಕೆ ಏರಿಸಿ, ಮುಕ್ಕಾಲು ನಿಮಿಷ ಎಳೆದು ಎರಡು ನಿಮಿಷ ಬಿಟ್ಟರೆ ಒಂದೇ ಸಾಕು. ಮೋಟರಿಗೂ ಆ ವಿರಾಮ ಬೇಕು. ಎಲೆಕ್ಟ್ರಿಕ್ ವಿಂಚ್ ಸತತ ದುಡಿಮೆಗೆ ಮಾಡಿದ್ದಲ್ಲ. ಮುಟ್ಟಿ ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಆಗಲೇ ತಡವಾಗಿದೆ ಎಂದರ್ಥ.

ಕೂರಿಸಿದ ಜಾಗ

ಹಾಳೆ ಬಾಗಿದ್ದಕ್ಕೆ ಬೋಲ್ಟು ಕಾರಣವಲ್ಲ. ಅಂಗಡಿಯವರು ಪೈಪಿನ ಬಂಪರಿಗೆ 4 ಮಿ.ಮೀ. ಹಾಳೆ ಬೆಸೆದು ಅದರ ಮೇಲೆ ವಿಂಚ್ ಇಟ್ಟಿದ್ದರು. ಡ್ರಮ್ಮಿನಿಂದ ಹಗ್ಗ ಹೊರಡುವ ಮಟ್ಟ ಹಾಳೆಗಿಂತ ಒಂದು ಅಂಗೈ ಎತ್ತರ. ಮೂರು ಟನ್ ಎಳೆತ ಅಲ್ಲಿಂದ ಹಾಳೆಯನ್ನು ತಿರುಚುತ್ತದೆ. ಹೊಸದು 6 ಮಿ.ಮೀ. ಹಾಳೆ, ಹಿಂದೆ ಮುಂದೆ ಅಂಚು ಮಡಿಚಿದ್ದು, ಎರಡೂ ಕಡೆ ಚಾಸಿಗೆ ಮೂರು ಮೂರು ಎಂ12 ಬೋಲ್ಟ್, 8.8 ದರ್ಜೆಯವು. ಚಾಸಿ ಪೆಟ್ಟಿಗೆ ಆಕಾರದ್ದಾದ್ದರಿಂದ ಪ್ರತಿ ಬೋಲ್ಟಿಗೂ ಒಳಗೆ ಕೊಳವೆ ತೂರಿಸಿದರು, ಇಲ್ಲದಿದ್ದರೆ ಬಿಗಿದಂತೆ ಗೋಡೆ ಒಳಕ್ಕೆ ಕುಗ್ಗಿ ಬೋಲ್ಟ್ ಸಡಿಲವಾಗುತ್ತದೆ. ಚಾಸಿಗೆ ವೆಲ್ಡಿಂಗ್ ಮಾಡಲು ಬಿಡಬೇಡಿ.

ವಿಂಚಿನ ಕಾಲುಗಳ ತೂತಿನ ಅಳತೆ ಈ ವರ್ಗದಲ್ಲಿ ಸಾಮಾನ್ಯವಾಗಿ 254ಕ್ಕೆ 114 ಮಿ.ಮೀ., ನಾಲ್ಕು ಎಂ10 ಬೋಲ್ಟ್, ಬಿಗಿ 45 ನ್ಯೂಟನ್-ಮೀಟರ್. ಬೋಲ್ಟ್ ಉದ್ದ ಹೆಚ್ಚಾದರೆ ತಳ ಮುಟ್ಟಿ ಬಿಗಿಯಾದಂತೆ ಕಾಣುತ್ತದೆ, ಹಾಳೆಯನ್ನು ಹಿಡಿದಿರುವುದೇ ಇಲ್ಲ. ಹಗ್ಗವನ್ನು ಕೈಯಲ್ಲಿ ಎಳೆಯಲು ಡ್ರಮ್ಮನ್ನು ಗೇರಿನಿಂದ ಬಿಡಿಸುವ ಕ್ಲಚ್ಚಿನ ಹಿಡಿಕೆ ಗ್ರಿಲ್‌ಗೆ ತಾಗದೆ ಪೂರ್ತಿ ತಿರುಗುತ್ತದೆಯೇ ಎಂದು ಬೋಲ್ಟ್ ಹಾಕುವ ಮೊದಲೇ ನೋಡಿಕೊಳ್ಳಬೇಕು. ಅರ್ಧ ಕಚ್ಚಿದ ಕ್ಲಚ್ ಭಾರದಲ್ಲಿ ಜಾರಿದರೆ ಗೇರಿನ ಹಲ್ಲುಗಳೇ ಹೋಗುತ್ತವೆ.

ಪೈಪ್ ಬಂಪರನ್ನು ತೆಗೆದದ್ದಕ್ಕೆ ಇನ್ನೊಂದು ಕಾರಣ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ ಅದು ಅನುಮತಿ ಇಲ್ಲದ ಮಾರ್ಪಾಡು. ತೋಟದೊಳಗೆ ಕೇಳುವವರಿಲ್ಲ, ಆದರೆ ಜೀಪು ಶುಕ್ರವಾರ ಸಂತೆಗೂ ಹೋಗುತ್ತದೆ. ಕಂಪನಿ ಬಂಪರಿನ ಹಿಂದೆಯೇ ಅಡಗಿದಂತೆ ವಿಂಚ್ ಕೂರಿಸಿದ್ದು ಅದಕ್ಕೇ. ಏನೇ ಮಾಡಿದರೂ ಆರ್‌ಟಿಒದಲ್ಲಿ ಮೊದಲು ಕೇಳಿಕೊಳ್ಳುವುದು ಲೇಸು.

ಉಕ್ಕೋ, ನೂಲೋ

ತೋಟಕ್ಕೆ ಉಕ್ಕಿನ ಹಗ್ಗವೇ ಸರಿ ಎನ್ನುವವರ ವಾದದಲ್ಲಿ ಹುರುಳಿದೆ. ಕಲ್ಲಿಗೆ ಉಜ್ಜಿದರೂ ತಾಳುತ್ತದೆ, ಬಿಸಿಲಿಗೆ ಹೆದರುವುದಿಲ್ಲ, ಅಗ್ಗ. ಆದರೂ ಇಲ್ಲಿ 10 ಮಿ.ಮೀ. ಸಿಂಥೆಟಿಕ್ ಹಗ್ಗ, 26 ಮೀಟರ್, ಹಾಕಿದರು. ಜೀಪು ಹೂತಿತೆಂದರೆ ಕೆಲಸಗಾರರ ಲೈನ್ ಮನೆಯಿಂದ ಹಿಡಿದು ಎಲ್ಲರೂ ಬಂದು ಸುತ್ತ ನಿಲ್ಲುತ್ತಾರೆ, ಮಕ್ಕಳು ಸಮೇತ. ಬಿಗಿದ ಉಕ್ಕಿನ ಹಗ್ಗ ತುಂಡಾದರೆ ಚಾಟಿಯಂತೆ ಬೀಸುತ್ತದೆ. ಸಿಂಥೆಟಿಕ್ ಹಗ್ಗ ಹಗುರ, ಬೀಸಿದರೂ ಅದರಲ್ಲಿ ಅಷ್ಟು ಕಸುವಿಲ್ಲ. ಕೊಕ್ಕೆಯೋ, ಹಗ್ಗ ಜೋಡಿಸುವ ಉಕ್ಕಿನ ಕೊಂಡಿಯಾದ ಶ್ಯಾಕಲ್ಲೋ ಕಳಚಿದರೆ ಮಾತ್ರ ಅದೂ ಗುಂಡಿನಂತೆ ಬರುತ್ತದೆ, ಆದ್ದರಿಂದ ಯಾವ ಹಗ್ಗವಾದರೂ ನಡುವೆ ಒದ್ದೆ ಗೋಣಿಚೀಲ ಹೊದಿಸಬೇಕು, ಹಗ್ಗದ ಉದ್ದದಷ್ಟು ದೂರ ಜನ ಸರಿಯಬೇಕು. ಅಲ್ಲದೆ ಹಳೆಯ ಉಕ್ಕಿನ ಹಗ್ಗದ ಮೂರನೇ ಸಾಲು ಎರಡನೆಯದರ ಸಂದಿಗೆ ಇಳಿದು ಚಪ್ಪಟೆಯಾಗಿತ್ತು, ಎಳೆಗಳು ಮುಳ್ಳಿನಂತೆ ಎದ್ದಿದ್ದವು. ಸಡಿಲವಾಗಿ ಸುತ್ತಿಟ್ಟ ಹಗ್ಗಕ್ಕೆ ಭಾರ ಬಿದ್ದಾಗ ಆಗುವುದೇ ಅದು. ಯಾವ ಹಗ್ಗವನ್ನೇ ಆಗಲಿ, ಮೊದಲ ಸಲ ಸುತ್ತುವಾಗ ಸಮತಟ್ಟು ನೆಲದಲ್ಲಿ ಜೀಪನ್ನೇ ಎಳೆದುಕೊಳ್ಳುವಂತೆ ಮಾಡಿ ಬಿಗಿಯಾಗಿ ಸುತ್ತಬೇಕು.

ಸಿಂಥೆಟಿಕ್ ಹಾಕುವ ಮುನ್ನ ಬ್ರೇಕ್ ಎಲ್ಲಿದೆ ನೋಡಬೇಕು. ಅಗ್ಗದ ಪ್ಲಾನೆಟರಿ ಗೇರ್ ವಿಂಚ್‌ಗಳಲ್ಲಿ ಬ್ರೇಕ್ ಡ್ರಮ್ಮಿನ ಒಳಗೇ ಇರುತ್ತದೆ. ಭಾರದಲ್ಲಿ ಹಗ್ಗ ಬಿಡುತ್ತಾ ಇಳಿಸಿದರೆ ಡ್ರಮ್ ಕಾಯುತ್ತದೆ. ಈ ನೂಲು ಕರಗುವುದು 145 ಡಿಗ್ರಿ ಸುಮಾರಿಗೆ, ಸೋಲುವುದು ಅದಕ್ಕೂ ಬಹಳ ಮೊದಲು. ಈ ವಿಂಚಿನ ಬ್ರೇಕ್ ಗೇರ್ ಪೆಟ್ಟಿಗೆಯ ಕಡೆ ಇದ್ದದ್ದರಿಂದ ಹಗ್ಗ ಬದಲಿಸಿದರು, ಇಲ್ಲದಿದ್ದರೆ ಉಕ್ಕೇ ಇರಲಿ ಎನ್ನಬೇಕಾಗಿತ್ತು. ಹಗ್ಗದ ಜೊತೆ ರೋಲರ್ ಹೋಗಿ ಅಲ್ಯೂಮಿನಿಯಂ ಹಾಸ್ ಫೇರ್‌ಲೀಡ್, ಅಂದರೆ ಹಗ್ಗ ಹಾಯುವ ನುಣುಪಾದ ಬಾಯಿ, ಬಂತು. ಉಕ್ಕಿನ ಹಗ್ಗ ಗೀರಿದ ರೋಲರ್ ಮೇಲೆ ನೂಲಿನ ಹಗ್ಗ ಓಡಿಸಿದರೆ ಒಂದೇ ಮಳೆಗಾಲಕ್ಕೆ ಜುಂಗಾಗುತ್ತದೆ. ಡ್ರಮ್ಮಿನಲ್ಲಿ ಉಕ್ಕು ಐದು ಸುತ್ತು ಉಳಿದರೆ ಸಾಕು, ಸಿಂಥೆಟಿಕ್ ಜಾರುವ ಜಾತಿ, ಹತ್ತು ಉಳಿಯಬೇಕು. ಹತ್ತನೇ ಸುತ್ತಿನ ಜಾಗಕ್ಕೆ ಕೆಂಪು ಬಣ್ಣ ಬಳಿದಿಟ್ಟರು.

ಒಂದು ಮಾತು ತೋಟದವರಿಗೆ ಮಾತ್ರ: ವಿಂಚಿನ ಸಾಮಾನನ್ನು ಮೈಲುತುತ್ತದ ಕೋಣೆಯಲ್ಲಿ ಇಡಬೇಡಿ. ತಾಮ್ರದ ಆ ಉಪ್ಪು ಒದ್ದೆಯಾಗಿ ಶ್ಯಾಕಲ್‌ಗೆ, ಉಕ್ಕಿನ ಹಗ್ಗಕ್ಕೆ ತಾಗಿದರೆ ಸತುವಿನ ಲೇಪ ತಿಂದುಹಾಕುತ್ತದೆ. ಹೊರಗೆ ತಾಮ್ರದ ಬಣ್ಣ ಬಂದು ಚೆನ್ನಾಗಿಯೇ ಕಾಣುತ್ತಿರುತ್ತದೆ.

ಎರಡನೇ ಸಲ

ಆಗಸ್ಟಿನಲ್ಲಿ ಜೀಪು ಅದೇ ಜಾಗದಲ್ಲಿ, ಈ ಸಲ ಎರಡೂ ಕಡೆ ಮಡ್‌ಗಾರ್ಡ್‌ವರೆಗೆ ಕೂತಿತು.

ಮರದ ಆಯ್ಕೆಯಿಂದ ಶುರು. ಹತ್ತಿರದಲ್ಲಿ ಒಂದು ಹಾಲವಾಣ ಇತ್ತು. ಹಾಲವಾಣ ಮೆದು ಮರ, ಮಳೆಗಾಲದಲ್ಲಿ ಬುಡವೇ ಎದ್ದು ಬರುತ್ತದೆ. ಹಿಂದಿನ ಸಲದ ಸಿಲ್ವರ್ ಓಕ್‌ಗೆ ಮೆಣಸಿನ ಬಳ್ಳಿ ಹಬ್ಬಿತ್ತು. ಜುಲೈನಲ್ಲಿ ಹಗ್ಗ ಬಿಗಿದ ಕಡೆ ಬಳ್ಳಿ ನುಜ್ಜಾಗಿ ಮೇಲಿನದೆಲ್ಲ ಒಣಗಿ ನಿಂತಿತ್ತು. ಫಲ ಕೊಡುವ ಬಳ್ಳಿ, ತೋಟದ ಲೆಕ್ಕ ಬರೆಯುವ ರೈಟರು ಅದನ್ನಿನ್ನೂ ಮರೆತಿರಲಿಲ್ಲ. 21 ಮೀಟರ್ ದೂರದಲ್ಲಿ ತಬ್ಬಿದರೆ ಕೈ ಸೇರದ ಒಂದು ಮತ್ತಿ ಮರ, ಬಳ್ಳಿ ಇಲ್ಲದ್ದು. ಅದರ ಬುಡದಲ್ಲಿ, ಮೊಣಕಾಲಿಗಿಂತ ಕೆಳಗೆ, 75 ಮಿ.ಮೀ. ಅಗಲದ ಪಟ್ಟಿ ಸುತ್ತಿದರು. ಮೇಲೆ ಕಟ್ಟಿದಷ್ಟೂ ಮರ ಬೀಳುವ ಸಾಧ್ಯತೆ ಹೆಚ್ಚು.

26 ಮೀಟರ್ ಹಗ್ಗದಲ್ಲಿ ಹತ್ತು ಸುತ್ತಿಗೆ ಎರಡೂಕಾಲು ಮೀಟರ್ ಕಳೆದು, ಉಳಿದದ್ದನ್ನು ಮಡಿಚಿದರೆ ರಾಟೆ ಸುಮಾರು 12 ಮೀಟರ್ ತನಕ ಹೋಗುತ್ತದೆ. ಮತ್ತಿಗೆ ಇನ್ನೂ ಒಂಬತ್ತು ಮೀಟರ್ ಬಾಕಿ. ಹತ್ತು ಮೀಟರಿನ ಪಾಲಿಯೆಸ್ಟರ್ ಪಟ್ಟಿ ಅದಕ್ಕೆ. ಜಗ್ಗುವ ನೈಲಾನ್ ಹಗ್ಗ ಇಲ್ಲಿ ಬಳಸಬಾರದು, ಅದು ಕವಣೆಯ ರಬ್ಬರಿನಂತೆ ಬಲವನ್ನು ಕೂಡಿಟ್ಟುಕೊಳ್ಳುತ್ತದೆ. ಇಲ್ಲಿ ಜನ ತಪ್ಪುವ ಲೆಕ್ಕ ಒಂದಿದೆ: ಎರಡು ಎಳೆಯಲ್ಲಿ ಒಂದೊಂದಕ್ಕೆ 2,600 ಕೆಜಿ ಬಂದರೆ ರಾಟೆ, ಪಟ್ಟಿ, ಮರದ ಶ್ಯಾಕಲ್ ಹೊರುವುದು ಅದರ ಇಮ್ಮಡಿ, 5,200. ಆದ್ದರಿಂದ ಮರದ ಕಡೆ 25 ಮಿ.ಮೀ. ಬೋ ಶ್ಯಾಕಲ್, ಎಂಟೂವರೆ ಟನ್ನಿನದು. ಹಗ್ಗದ ತುದಿ ವಾಪಸ್ ಬಂದು ಚಾಸಿಯ ಕೊಂಡಿಗೆ ಸೇರುವಲ್ಲಿ 19 ಮಿ.ಮೀ.ನದು, ನಾಲ್ಕೂಮುಕ್ಕಾಲು ಟನ್, ಸಾಕು.

ಎಳೆಯುವ ಮೊದಲು ಇಪ್ಪತ್ತು ನಿಮಿಷ ಗುದ್ದಲಿ ಕೆಲಸ. ನಾಲ್ಕೂ ಚಕ್ರದ ಮುಂದೆ ಇಳಿಜಾರಾಗಿ ಮಣ್ಣು ತೆಗೆದು, ಹೊಟ್ಟೆಯ ಕೆಳಗೆ ಕಚ್ಚಿದ ಕೆಸರಿಗೆ ಗಾಳಿ ಆಡುವಂತೆ ಹಾರೆ ತೂರಿಸಿದರು. ಆಮೇಲೆ ಲೋ ರೇಂಜ್, ಮೊದಲ ಗೇರ್, ಚಕ್ರ ಮೆಲ್ಲಗೆ ತಿರುಗುವಷ್ಟೇ ಆಕ್ಸಿಲರೇಟರ್. ರಿಮೋಟ್ ಹಿಡಿದವನು ಬದಿಯಲ್ಲಿ ನಿಂತಿದ್ದ, ಒಬ್ಬನ ಮಾತು ಮಾತ್ರ ನಡೆಯಬೇಕು ಎಂದು ಮೊದಲೇ ನಿಗದಿಯಾಗಿತ್ತು. “ಅಣ್ಣಾ, ಹಗ್ಗ ಸಡ್ಲ ಆಯ್ತು, ಗಾಡಿ ನಿಲ್ಸಿ!” ಎಂದು ಎರಡು ಸಲ ಕೂಗಬೇಕಾಯಿತು. ಟಯರಿಗೆ ಹಿಡಿತ ಸಿಕ್ಕು ಗಾಡಿ ವಿಂಚಿಗಿಂತ ಮುಂದೆ ಓಡಿದರೆ ಹಗ್ಗ ಜೋತು, ಮರುಕ್ಷಣ ಜಾರಿದಾಗ ಜರ್ಕ್ ಹೊಡೆಯುತ್ತದೆ. ಎಲ್ಲ ತಾಳಿದ ಹಗ್ಗ ತುಂಡಾಗುವುದು ಆ ಜರ್ಕಿಗೆ.

ಕ್ಲ್ಯಾಂಪ್ ಮೀಟರ್ ಹೆಚ್ಚೆಂದರೆ 260 ಆಂಪಿಯರ್ ತೋರಿಸಿತು, ಮೋಟರಿನ ತಲೆಯಲ್ಲಿ 10.9 ವೋಲ್ಟ್. ಆರು ಮೀಟರ್ ಮುಂದೆ ಬರಲು ಹನ್ನೆರಡು ಮೀಟರ್ ಹಗ್ಗ ಸುತ್ತಬೇಕಿತ್ತು. ಏಳು ಎಳೆತ, ನಡುನಡುವೆ ವಿರಾಮ, ಒಟ್ಟು ಕಾಲುಗಂಟೆ. ಜುಲೈನಲ್ಲಿ ನಿಂತುಹೋದ ಅದೇ ಮೋಟರು, ಅದೇ ಗೇರು. ಹೊಸದಾಗಿ ಬಂದದ್ದು ಕಾಂಟ್ಯಾಕ್ಟರ್, ಕೇಬಲ್, ಬ್ಯಾಟರಿ, ಹಾಳೆ, ಹಗ್ಗ, ರಾಟೆ.

ಮುಂದಿನ ವಿಂಚ್ ಹಿಂದಕ್ಕೆ ಎಳೆಯಲಾರದು ಎಂಬ ಕೊರತೆ ಹಾಗೇ ಉಳಿಯಿತು. ಎಷ್ಟೋ ಸಲ ಬಂದ ದಾರಿಯಲ್ಲೇ ಹಿಂದೆ ಹೋಗುವುದು ಸುಲಭ, ಆ ಗೆರೆ ಆಗಲೇ ತುಳಿದು ಗಟ್ಟಿಯಾಗಿರುತ್ತದೆ. ಅದಕ್ಕೆ ಮರ ಎಳೆಯಲು ಇಟ್ಟಿದ್ದ 1.6 ಟನ್ನಿನ ಕೈ ವಿಂಚನ್ನು, ತೋಟದವರ ಬಾಯಲ್ಲಿ ಟಿರ್ಫರನ್ನು, ಮಳೆಗಾಲವಿಡೀ ಜೀಪಿನ ಹಿಂದೆ ಹಾಕಿಕೊಂಡೇ ಓಡಾಡಿದರು. ನಿಧಾನ, ಬೆವರು ಸುರಿಯುತ್ತದೆ, ಆದರೆ ಬ್ಯಾಟರಿ ಕೇಳುವುದಿಲ್ಲ, ಯಾವ ದಿಕ್ಕಿಗಾದರೂ ಎಳೆಯುತ್ತದೆ. ವರ್ಷಕ್ಕೆ ಎರಡೇ ಸಲ ಹೂಳುವ ಗಾಡಿಗೆ ಅದೂ ಒಂದು ರಾಟೆಯೂ ಇದ್ದರೆ ಎಲೆಕ್ಟ್ರಿಕ್ ವಿಂಚೇ ಬೇಡ ಎಂದು ಧೈರ್ಯವಾಗಿ ಹೇಳಬಹುದು.

ಬಳಸದ ತಿಂಗಳಲ್ಲೂ ಒಂದು ಸಲ ಐದು ಮೀಟರ್ ಹಗ್ಗ ಬಿಟ್ಟು ಸುತ್ತಬೇಕು, ಮೋಟರೊಳಗೆ ಸೇರಿದ ತೇವ ಆರಲಿಕ್ಕೆ. ಕೆಸರಿಗೆ ಹೋಗಿ ಬಂದ ಸಿಂಥೆಟಿಕ್ ಹಗ್ಗವನ್ನು ಪೂರ್ತಿ ಬಿಚ್ಚಿ ಬಕೆಟ್ ನೀರಲ್ಲಿ ಅದ್ದಿ ತೊಳೆದು, ನೆರಳಲ್ಲಿ ಒಣಗಿಸಬೇಕು. ಒಳಗೆ ಸೇರಿದ ಮರಳೇ ಎಳೆಗಳನ್ನು ಕೊಯ್ಯುವುದು. ಪ್ರೆಶರ್ ವಾಷರ್ ಹಿಡಿದರೆ ಮರಳು ಇನ್ನೂ ಒಳಗೆ ಹೋಗುತ್ತದೆ. ಹಾಳೆಯ ಬೋಲ್ಟ್‌ಗಳನ್ನು ಮೊದಲ ಎಳೆತದ ನಂತರ ಮತ್ತೊಮ್ಮೆ ಬಿಗಿದು ನೋಡಿದರು, ಆರರಲ್ಲಿ ಎರಡು ಕಾಲು ಸುತ್ತು ಬಂದವು.

ಮಾರನೆಯ ಬೇಸಿಗೆಯಲ್ಲಿ ಜಲ ಒಡೆಯುವ ಜಾಗದ ಮೇಲೆ ಅಡ್ಡ ಚರಂಡಿ ತೆಗೆದು, ದಾರಿಯಡಿಗೆ ಹ್ಯೂಮ್ ಪೈಪ್ ಹಾಕಿ, ಎಪ್ಪತ್ತಡಿಗೂ ಕಲ್ಲಿನ ಸೋಲಿಂಗ್ ಮಾಡಿಸಿದರು. ಈಗ ವಿಂಚಿಗೆ ಹೆಚ್ಚಿನ ಕೆಲಸ ದಾರಿಗೆ ಬಿದ್ದ ಮರ ಎಳೆಯುವುದು. ಆ ಕೆಲಸಕ್ಕೆ ಮೊದಲು ಜೀಪಿನ ಹಿಂಬದಿಯನ್ನು ಇನ್ನೊಂದು ಮರಕ್ಕೆ ಚೈನು ಹಾಕಿ ಬಿಗಿಯುತ್ತಾರೆ. ಇಲ್ಲದಿದ್ದರೆ ಮರ ಅಲ್ಲೇ ಇರುತ್ತದೆ, ಜೀಪು ಹ್ಯಾಂಡ್‌ಬ್ರೇಕ್ ಸಮೇತ ಮರದ ಹತ್ತಿರ ಹೋಗುತ್ತದೆ.